ಗುಮ್ಮಣ್ಣನ ಬಲಗೈ

ನಮ್ಮ ಅತ್ತೆಯ ಬಲಗೈ ಇಪ್ಪತ್ತೆರಡು ವರ್ಷ ಟೀವಿಯಲ್ಲಿ ಬಂತು. ಉಳಿದ ಅತ್ತೆ ಒಂದು ದಿನವೂ ಬರಲಿಲ್ಲ.

ಇದನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ಆಗೆಲ್ಲ ಟೀವಿಗೆ ಮರದ ಬಾಗಿಲು ಇರುತ್ತಿತ್ತು, ಬಾಗಿಲಿಗೊಂದು ಬೀಗವೂ ಇರುತ್ತಿತ್ತು, ಬೀಗದ ಕೈ ಮನೆಯ ಹಿರಿಯರ ಹತ್ತಿರ ಇರುತ್ತಿತ್ತು. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಆ ಬಾಗಿಲು ತೆರೆದರೆ ಒಳಗಿನಿಂದ ಗುಮ್ಮಣ್ಣ ಎದ್ದು ಬರುತ್ತಿದ್ದ. ಮೈತುಂಬ ಕಂದು ಕೂದಲು, ಎರಡು ಮೊಂಡು ಕೊಂಬು, ಅಂಚೆ ಡಬ್ಬಿಯಂಥ ಬಾಯಿ, ಅದರಲ್ಲಿ ಒಂದೇ ಒಂದು ಹಲ್ಲು. ಗುಮ್ಮ ಬರ್ತಾನೆ ಅಂತ ಮಕ್ಕಳನ್ನು ಹೆದರಿಸಿ ಊಟ ಮಾಡಿಸುವುದು ಲೋಕರೂಢಿ. ಈ ಗುಮ್ಮಣ್ಣನ ಗೋಳು ತಲೆಕೆಳಗು. ಇವನಿಗೆ ಮಕ್ಕಳನ್ನು ಕಂಡರೆ ಹೆದರಿಕೆ. ಬಾಗಿಲ ಗಂಟೆ ಬಾರಿಸಿದರೆ ಸಾಕು, ಮೇಜಿನ ಕೆಳಗೆ ಅವಿತುಕೊಂಡು, "ಮಗು ಬಂತಾ? ಹೋಯ್ತಾ? ಹಲ್ಲು ಎಷ್ಟಿತ್ತು?" ಅಂತ ವಿಚಾರಿಸುತ್ತಿದ್ದ. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಅಷ್ಟು ದೊಡ್ಡ ಬೊಂಬೆಯನ್ನು ಒಬ್ಬರೇ ಆಡಿಸಲಾಗುವುದಿಲ್ಲ. ಒಬ್ಬರು ಗೋಡೆಯ ಹಿಂದೆ ನಿಂತು ಬಲಗೈಯನ್ನು ಮೇಲೆ ಚಾಚಿ ಬೊಂಬೆಯ ತಲೆಯೊಳಗೆ ಹಾಕಿ ಬಾಯಿ ಆಡಿಸುತ್ತಾರೆ. ಅವರ ಎಡಗೈ ಬೊಂಬೆಯ ಎಡಗೈ. ಮಾತೂ ಅವರದೇ. ಹೀಗೆ ಅವರ ಎರಡೂ ಕೈ ಖರ್ಚಾದ ಮೇಲೆ ಬೊಂಬೆಯ ಬಲಗೈ ದಿಕ್ಕಿಲ್ಲದೆ ಉಳಿಯುತ್ತದೆ. ಅದಕ್ಕೆ ಇನ್ನೊಬ್ಬರು ಬೇಕು. ಆ ಇನ್ನೊಬ್ಬರು ನಿಲ್ಲಬೇಕಾದ ಜಾಗ ಮೊದಲನೆಯವರ ಎತ್ತಿದ ತೋಳಿನ ಕೆಳಗೆ. ಮುಚ್ಚುಮರೆ ಯಾಕೆ, ಕಂಕುಳಲ್ಲಿ. ಅಲ್ಲಿಂದ ತನ್ನ ಬಲಗೈಯನ್ನು ಬೊಂಬೆಯ ತೋಳಿಗೆ ತೂರಿಸಿ, ನೆಲದ ಮೇಲಿಟ್ಟ ಪುಟ್ಟ ಟೀವಿಯಲ್ಲಿ ತಾನೇನು ಮಾಡುತ್ತಿದ್ದೇನೆಂದು ನೋಡಿಕೊಳ್ಳುತ್ತ ನಿಲ್ಲಬೇಕು. ನಮ್ಮ ಅತ್ತೆಯ ವೃತ್ತಿಜೀವನದ ಬಹುಪಾಲು ಆ ಜಾಗದಲ್ಲಿ ಕಳೆಯಿತು.

ಅತ್ತೆ ಸ್ಟುಡಿಯೋ ಸೇರಿದ್ದು ಹೊಲಿಗೆಯವಳಾಗಿ. ಗುಮ್ಮಣ್ಣನ ಕೂದಲನ್ನು ಕಂತೆ ಕಂತೆಯಾಗಿ ಅಂಟಿಸಿದವಳು ಅವಳೇ. ಬಲಗೈಯ ಗವಸು ಹೊಲಿಯುವಾಗ ಅಳತೆಗೆ ಯಾರ ಕೈಯೂ ಸಿಗದೆ ತನ್ನ ಕೈಯನ್ನೇ ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡಳು. ಗುಮ್ಮಣ್ಣನಿಗೆ ನಾಲ್ಕೇ ಬೆರಳು. ಆದ್ದರಿಂದ ಉಂಗುರದ ಬೆರಳಿಗೂ ಕಿರುಬೆರಳಿಗೂ ಒಂದೇ ಮನೆ. ಮೊದಲ ದಿನ ಬಲಗೈ ಆಗಬೇಕಾಗಿದ್ದ ಮನುಷ್ಯ ದಪ್ಪ ಕೈಯವನು. ಗವಸು ಬೆರಳ ಗೆಣ್ಣು ದಾಟಿ ಮುಂದೆ ಹೋಗಲಿಲ್ಲ. ಸಾಲದ್ದಕ್ಕೆ ಕಂಕುಳಲ್ಲಿ ಎರಡು ನಿಮಿಷ ನಿಂತು, "ನನಗೂ ಮಾನ ಮರ್ಯಾದೆ ಇದೆ" ಎಂದು ಹೇಳಿ ಹೊರಟೇಹೋದ.

"ಯಾರದ್ದಾದ್ರೂ ಒಂದು ಕೈ ಕೊಡ್ರೋ ಇಲ್ಲಿ!" ಅಂತ ಗೋಡೆಯ ಹಿಂದಿನಿಂದ ಕೂಗು ಬಂತು. ಅತ್ತೆ ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು ಹೋಗಿ ಕೈ ಕೊಟ್ಟಳು. ಕೊಟ್ಟ ಕೈಯನ್ನು ವಾಪಸು ಪಡೆಯಲು ಇಪ್ಪತ್ತೆರಡು ವರ್ಷ ಹಿಡಿಯಿತು.

ಕೂಗಿದವರು ತಲೆ ಸಾರ್. ಗುಮ್ಮಣ್ಣನ ತಲೆ ಆಡಿಸುವವರು ಎಂಬ ಕಾರಣಕ್ಕೆ ಸ್ಟುಡಿಯೋದವರು ಇಟ್ಟ ಹೆಸರು. ಅವರು ಅದನ್ನು ಬಿರುದು ಎಂದು ತಿಳಿದಿದ್ದರು. ಆರಡಿ ಆಳು, ನಗಾರಿಯಂಥ ಗಂಟಲು. ಸಂದರ್ಶನ ಕೊಡುವಾಗ ಕಣ್ಣು ಅರ್ಧ ಮುಚ್ಚಿ, "ನಾನು ಗುಮ್ಮಣ್ಣನನ್ನು ಆಡಿಸೋದಿಲ್ಲ, ಅವನು ನನ್ನೊಳಗೆ ಉಸಿರಾಡ್ತಾನೆ" ಅನ್ನುತ್ತಿದ್ದರು. ಆ ಉಸಿರು ಎಂಥದ್ದೆಂದು ಅತ್ತೆಗೆ ಗೊತ್ತಿತ್ತು. ಬೆಳ್ಳುಳ್ಳಿ ತಿಂದ ದಿನ, ಹೆಂಡತಿಯ ಜೊತೆ ಜಗಳವಾಡಿ ಸ್ನಾನ ಮಾಡದೆ ಬಂದ ದಿನ, ಎಲ್ಲ ಅವಳಿಗೆ ಮೊದಲು ಗೊತ್ತಾಗುತ್ತಿತ್ತು. ಅತಿಥಿಗಳಿಗೆ ಅವಳನ್ನು ಪರಿಚಯಿಸುವಾಗ ಸಾರ್ ಹೇಳುತ್ತಿದ್ದದ್ದು ಎರಡೇ ಮಾತು: "ನಮ್ಮ ಕೈ."

ಆದರೆ ಆ ಕೈಯನ್ನು ನೀವು ನೋಡಬೇಕಿತ್ತು! ಗುಮ್ಮಣ್ಣ ಸುಳ್ಳು ಹೇಳುವಾಗ ಅದು ಮೆಲ್ಲಗೆ ಬೆನ್ನ ಹಿಂದೆ ಸರಿಯುತ್ತಿತ್ತು. ಯೋಚಿಸುವಾಗ ಕೊಂಬಿನ ಬುಡ ಕೆರೆಯುತ್ತಿತ್ತು. ಹೆದರಿದಾಗ ಒಂಟಿ ಹಲ್ಲನ್ನು ಹಿಡಿದುಕೊಳ್ಳುತ್ತಿತ್ತು, ಎಲ್ಲಿ ಬಿದ್ದುಹೋಗುತ್ತೋ ಅನ್ನುವ ಹಾಗೆ. ಇದೊಂದನ್ನೂ ಕಥೆ ಬರೆದವರು ಬರೆದಿರಲಿಲ್ಲ. ಸಾರ್ ಏನು ಹೇಳುತ್ತಾರೆಂದು ಅತ್ತೆಗೆ ಮುಂಚೆಯೇ ಹೇಗೆ ಗೊತ್ತಾಗುತ್ತಿತ್ತು ಎಂದು ನಾನೊಮ್ಮೆ ಕೇಳಿದೆ.

"ಪಕ್ಕೆಲುಬು ಕಣೋ," ಅಂದಳು. "ನನ್ನ ಕಿವಿ ಅವ್ರ ಪಕ್ಕೆಗೆ ಒತ್ತಿಕೊಂಡಿರುತ್ತಲ್ಲ. ಪೂರ್ತಿ ಉಬ್ಬಿದ್ರೆ ಕಿರುಚ್ತಾರೆ. ಅರ್ಧ ಉಬ್ಬಿ ನಿಂತ್ರೆ ಗುಟ್ಟು ಹೇಳ್ತಾರೆ. ಉಬ್ಬಲೇ ಇಲ್ಲ ಅಂದ್ರೆ ಮಾತು ಮರೆತಿದಾರೆ ಅಂತ. ಆಗ ನಾನು ಕೊಂಬು ಕೆರೀತೀನಿ."

ಮನೆಯಲ್ಲೂ ಆ ಕೈಗೆ ರಜೆ ಇರಲಿಲ್ಲ. ಪಕ್ಕದಲ್ಲಿ ಯಾರು ಮಾತಾಡಿದರೂ ಅವರ ಮಾತಿಗೆ ತಕ್ಕಂತೆ ಅದು ಅಭಿನಯ ಶುರು ಮಾಡುತ್ತಿತ್ತು. ಬ್ಯಾಂಕಿನ ಸಾಲಿನಲ್ಲಿ ಯಾರೋ ಅಪರಿಚಿತ, "ಅಲ್ಲ ಸ್ವಾಮಿ, ಎಷ್ಟು ಹೊತ್ತು ಕಾಯೋದು?" ಅಂದರೆ ಅತ್ತೆಯ ಕೈ ತಾನಾಗಿ ಮೇಲೆದ್ದು ಗಡಿಯಾರ ತೋರಿಸುತ್ತಿತ್ತು. ನಮ್ಮ ಮಾವ, ಅಂದರೆ ಅತ್ತೆಯ ಗಂಡ, ಗಡಿಯಾರ ರಿಪೇರಿಯವನು. ಅಲಮಾರಿನಷ್ಟಗಲದ ಅಂಗಡಿ, ಒಂದು ಕಣ್ಣಿಗೆ ಸದಾ ಮಸೂರ. "ನಾನು ಮಾತಾಡಿದ್ರೆ ಇವಳು ಕೈ ಆಡಿಸ್ತಾಳೆ. ನೋಡ್ದವರು ನಾನು ಮೂಗ, ಇವಳು ಅನುವಾದ ಮಾಡ್ತಾ ಇದಾಳೆ ಅಂದ್ಕೊತಾರೆ," ಅನ್ನುತ್ತಿದ್ದ. ಕಂಕುಳಿನ ವಿಚಾರ ಎತ್ತಿದವರಿಗೆ ಅವನ ಉತ್ತರ ಸಿದ್ಧವಾಗಿರುತ್ತಿತ್ತು: "ಹೆಂಡ್ತಿ ಬೇರೆಯವರ ತೋಳಲ್ಲಿದಾಳೆ ಅನ್ನೋ ಚಿಂತೆ ನನಗಿಲ್ಲಪ್ಪ. ತೋಳಿನ ಕೆಳಗಿದಾಳೆ. ಅಲ್ಲಿಗೆ ಹೋಗಿ ಯಾರೂ ಪ್ರೀತಿಸೋಕೆ ಸಾಧ್ಯ ಇಲ್ಲ."

ಶಾಲೆಯಲ್ಲಿ ನಾನು, ಗುಮ್ಮಣ್ಣನ ಬಲಗೈ ನಮ್ಮತ್ತೆ ಎಂದು ಒಮ್ಮೆ ಜಂಬ ಕೊಚ್ಚಿದೆ. "ಹಂಗಾದ್ರೆ ನಮ್ಮಪ್ಪ ಗುಮ್ಮಣ್ಣನ ಬಾಲ," ಅಂದ ಹಿಂದಿನ ಬೆಂಚಿನವನು. ಗುಮ್ಮಣ್ಣನಿಗೆ ಬಾಲವೇ ಇರಲಿಲ್ಲ. ಆದರೂ ತರಗತಿ ಅವನನ್ನೇ ನಂಬಿತು.

ಇಪ್ಪತ್ತೆರಡನೆಯ ವರ್ಷದಲ್ಲಿ ತಲೆ ಸಾರ್ ಅವರ ಭುಜ ಕೈಕೊಟ್ಟಿತು. ಡಾಕ್ಟರು, ಇನ್ನು ತೋಳು ಕಿವಿಗಿಂತ ಮೇಲೆ ಹೋಗಕೂಡದು ಅಂದರು. ಸಾರ್ ನಿವೃತ್ತಿ ಘೋಷಿಸಿದರು. ಹೊಸ ತಲೆಗಾಗಿ ಪರೀಕ್ಷೆ ಇದೆ, ಅರ್ಜಿ ಹಾಕಬಹುದು ಎಂದು ಸ್ಟುಡಿಯೋದ ಬಾಗಿಲಿಗೆ ಚೀಟಿ ಅಂಟಿತು. ಆವತ್ತು ಅತ್ತೆ ಮನೆಗೆ ಬಂದವಳೇ, ಚಪ್ಪಲಿಯನ್ನೂ ಬಿಡದೆ, "ನನಗೆ ತಲೆ ಬೇಕು," ಅಂದಳು.

"ಇರೋ ತಲೆ ಸಾಲ್ದಾ?" ಅಂದ ಮಾವ, ಮಸೂರ ತೆಗೆಯದೆ.

"ತಮಾಷೆ ಬೇಡ. ಇಪ್ಪತ್ತೆರಡು ವರ್ಷ ಅವ್ರು ಏನು ಹೇಳ್ತಾರೋ ಅದಕ್ಕೆ ಕೈ ಎತ್ತಿದೀನಿ. ಒಂದು ಸಲ ನಾನು ಹೇಳ್ಬೇಕು. ನಲವತ್ತೊಂಬತ್ತು ಆಯ್ತು ನನಗೆ. ಇದು ತಪ್ಪಿದ್ರೆ ಇನ್ನೊಂದು ತಲೆ ಹುಟ್ಟೋ ಹೊತ್ತಿಗೆ ನನ್ನ ಭುಜಾನೂ ಹೋಗಿರುತ್ತೆ."

ಮಾವ ಮಸೂರ ತೆಗೆದ. ಅಂದರೆ ವಿಷಯ ಗಂಭೀರ.

ಎರಡು ತಿಂಗಳು ಆ ಮನೆಯಲ್ಲಿ ಅತ್ತೆಯ ಬಲಗೈಗೆ ಉದ್ದದ ಕಾಲುಚೀಲ ಹಾಕಿಯೇ ಇತ್ತು. ಅಡುಗೆಮನೆಯ ನಲ್ಲಿಯ ಜೊತೆ ಕಾಲುಚೀಲ ಮಾತಾಡುತ್ತಿತ್ತು, ಹಾಲಿನವನ ಜೊತೆ ಚೌಕಾಸಿ ಮಾಡುತ್ತಿತ್ತು. ಸಾರ್ ಅವರ ನಗಾರಿ ಗಂಟಲು ಅವಳಿಗೆ ಬಾರದು. ಬಹಳ ಹುಡುಕಿ, ಕೊನೆಗೆ ನೆಗಡಿಯಾದಾಗಿನ ತನ್ನದೇ ಒಡೆದ ದನಿಯನ್ನು ಗಟ್ಟಿ ಮಾಡಿಕೊಂಡಳು. ಒಂದು ತೊಂದರೆ ಮಾತ್ರ ನೀಗಲಿಲ್ಲ. ಕಾಲುಚೀಲ ಬಾಯಿಬಿಡಬೇಕಾದ ಕಡೆ ಒಮ್ಮೊಮ್ಮೆ ಪೂರ್ತಿ ಅಲ್ಲಾಡಿ ಟಾಟಾ ಮಾಡಿಬಿಡುತ್ತಿತ್ತು. ಕೈಯಾಗಿ ದುಡಿದ ಕೈಗೆ ತಾನು ಬಾಯಿ ಎಂದು ಒಪ್ಪಿಸುವುದು ಸುಲಭವಲ್ಲ.

ಪರೀಕ್ಷೆಯ ದಿನದ ಕಥೆಯನ್ನು ನಾನು ಮಾವನ ಬಾಯಿಂದ ನೂರು ಸಲ ಕೇಳಿದ್ದೇನೆ. ಅವನು ಅಂಗಡಿಗೆ ಬಾಗಿಲು ಹಾಕಿ ಹೋಗಿ, ಧ್ವನಿ ಮುದ್ರಿಸುವವರ ಕೋಣೆಯ ಗಾಜಿನ ಹಿಂದೆ ನಿಂತಿದ್ದ. ಸ್ಟುಡಿಯೋ ಎಂದರೆ ಹಳೆಯ ಗೋದಾಮು. ತಗಡಿನ ಮಾಡು. ಹೊರಗೆ ಲಾರಿ ಹೋದರೆ ಕೆಲಸ ನಿಲ್ಲಿಸಿ ಕಾಯಬೇಕು. ತೀರ್ಪುಗಾರರು ಇಬ್ಬರು: ಸ್ಟುಡಿಯೋದ ಅಧಿಕಾರಿ ಮತ್ತು ಸಾಕ್ಷಾತ್ ತಲೆ ಸಾರ್, ತೋಳನ್ನು ಪಟ್ಟಿಯಲ್ಲಿ ಕಟ್ಟಿಕೊಂಡು. ಅಭ್ಯರ್ಥಿಗಳು ಮೂವರು. ಬಾಯಿ ಆಡಿಸದೆ ಮಾತಾಡುವ ಜಾದೂಗಾರ ಒಬ್ಬ. ನಾಟಕಶಾಲೆಯಲ್ಲಿ ಕಲಿತ ಗಡ್ಡದವನು ಇನ್ನೊಬ್ಬ. ಮೂರನೆಯವಳು ಅತ್ತೆ.

ಅಧಿಕಾರಿ ಹೆಸರಿನ ಪಟ್ಟಿ ನೋಡಿಕೊಂಡು, "ಸರಿ, ಶುರು ಮಾಡೋಣ. ಬಲಗೈ ಎಲ್ಲಿ? ಬಾರಮ್ಮ," ಅಂದರು.

ಅಲ್ಲಿಯವರೆಗೆ ಇದು ಯಾರಿಗೂ ಹೊಳೆದಿರಲಿಲ್ಲ, ಅತ್ತೆಗೂ. ಗವಸು ಅವಳೊಬ್ಬಳ ಅಳತೆಯದು. ಬಲಗೈ ಎಂಬ ಕೆಲಸ ಬಲ್ಲವಳು ಅವಳೊಬ್ಬಳೇ. ತನ್ನ ಎದುರಾಳಿಗಳಿಬ್ಬರಿಗೂ ಅವಳೇ ಬಲಗೈ ಆಗಬೇಕು!

ಜಾದೂಗಾರ ಬೇಗ ಮುಗಿದ. ಉಸಿರನ್ನೂ ತೋರಿಸದೆ ಮಾತಾಡುವುದನ್ನು ಆಯುಷ್ಯವಿಡೀ ಅಭ್ಯಾಸ ಮಾಡಿದ್ದರಿಂದ ಅವನ ಪಕ್ಕೆಲುಬು ಕಲ್ಲಿನ ಹಾಗಿತ್ತು. ಗೋಡೆಯ ಹಿಂದೆ ಯಾರೂ ನೋಡದಿದ್ದರೂ ಅವನ ತುಟಿ ಮಿಸುಕಲಿಲ್ಲ. ಗುಮ್ಮಣ್ಣನ ಬಾಯಿಯೂ ಮಿಸುಕಲಿಲ್ಲ.

ಆಮೇಲೆ ಗಡ್ಡದವನು. ಎತ್ತರದವನು, ಉಸಿರು ಚೆನ್ನಾಗಿತ್ತು, ಪಕ್ಕೆ ಸ್ಪಷ್ಟವಾಗಿ ಮಾತಾಡುತ್ತಿತ್ತು. ಇವನು ಬಲ್ಲವನು. ಈಗ ಅವಳು ಕೈಯನ್ನು ಸುಮ್ಮನೆ ಜೋಲು ಬಿಟ್ಟರೆ ಸಾಕು. ಯಾರಿಗೂ ಗೊತ್ತಾಗುವುದಿಲ್ಲ. ಇಪ್ಪತ್ತೆರಡು ವರ್ಷ ಯಾರಾದರೂ ಆ ಕೈಯನ್ನು ನೋಡಿದ್ದರೆ ತಾನೆ? ಗಾಜಿನ ಹಿಂದೆ ಮಾವ, "ಜೋಲು ಬಿಡೇ, ಜೋಲು ಬಿಡೇ," ಅಂತ ತನ್ನಷ್ಟಕ್ಕೆ ಜಪ ಮಾಡುತ್ತಿದ್ದನಂತೆ.

ಬಿಡಬೇಕು ಅಂತಲೇ ಇದ್ದಳು. ಅಷ್ಟರಲ್ಲಿ ಅವನ ಪಕ್ಕೆ ಉಬ್ಬಿತು, ಕೈ ಎದ್ದುಬಿಟ್ಟಿತು. ಹೊಟ್ಟೆಕಿಚ್ಚು ಹೊಟ್ಟೆಯಲ್ಲಿ ಉಳಿಯಿತು, ಕೈವರೆಗೆ ಬರಲಿಲ್ಲ. ಬಾಗಿಲ ಗಂಟೆ ಬಾರಿಸಿದಾಗ ಹಲ್ಲು ಹಿಡಿದುಕೊಂಡಿತು. ಸುಳ್ಳಿಗೆ ಬೆನ್ನ ಹಿಂದೆ ಹೋಯಿತು. ನಡುವೆ ಗಡ್ಡದವನ ಪಕ್ಕೆ ಉಬ್ಬುವುದನ್ನೇ ನಿಲ್ಲಿಸಿತು. ಮಾತು ಮರೆತಿದ್ದ. ಅವನು ನಿಂತಲ್ಲೇ ಬೆವರತೊಡಗಿದ. ಮೇಲೆ ಗುಮ್ಮಣ್ಣನ ಕೈ ನಿಧಾನವಾಗಿ ಕೊಂಬು ಕೆರೆಯಿತು, ಬೆರಳು ಎಣಿಸಿತು, ನಾಲ್ಕೇ ಇವೆಯಲ್ಲ ಎಂದು ಮತ್ತೊಮ್ಮೆ ಎಣಿಸಿತು. ಅಷ್ಟರಲ್ಲಿ ಅವನಿಗೆ ಮಾತು ನೆನಪಾಯಿತು.

"ಭಲೇ!" ಅಂದರು ಅಧಿಕಾರಿ, ಗಡ್ಡದವನಿಗೆ. "ಆ ಯೋಚನೆ ಮಾಡೋ ಜಾಗ ಇತ್ತಲ್ರೀ, ಏನು ಮೌನ ಅದು! ಓದಿದವರೇ ಬೇರೆ."

ಗಡ್ಡದವನು ಏನೋ ಹೇಳಹೋಗಿ ಸುಮ್ಮನಾದ. ಮಾವ ಗಾಜಿಗೆ ಹಣೆ ಒತ್ತಿಕೊಂಡು, "ಇವಳು ಯಾರ ಪಾರ್ಟಿ ಮಾರಾಯ್ರೇ?" ಅಂದದ್ದು ಧ್ವನಿಮುದ್ರಣದಲ್ಲಿ ಕೇಳಿಸುತ್ತದೆಯಂತೆ.

ಅತ್ತೆಯ ಸರದಿ ಬಂತು. ಅವಳು ತಲೆಯೊಳಗೆ ಕೈ ಹಾಕಿದಳು. ಬಲಗೈಯ ಗವಸು ಖಾಲಿ.

"ಬಲಗೈಗೆ ಯಾರು?" ಅಂದರು ತಲೆ ಸಾರ್. ಯಾರೂ ಇಲ್ಲ. "ಒಂದು ಪಿನ್ನು ಹಾಕಿ ಹೊಟ್ಟೆಗೆ ಸಿಕ್ಕಿಸಿಬಿಡಿ. ಕೈಯಲ್ಲೇನಿದೆ, ಮುಖ್ಯ ತಲೆ," ಅಂದರು ಅಧಿಕಾರಿ. ಪಿನ್ನು ಯಾರ ಹತ್ತಿರವೂ ಇರಲಿಲ್ಲ. ಹಾಗೇ ಬಿಟ್ಟರು.

ಗುಮ್ಮಣ್ಣ ಗೋಡೆಯ ಮೇಲೆ ಎದ್ದ. "ಏನ್ರಪ್ಪಾ ಮಕ್ಕಳೇ" ಎಂದು ಬಾಯಿ ತೆರೆಯಬೇಕು. ದನಿ ಬಂತು, ಬಾಯಿ ಬರಲಿಲ್ಲ. ಇಡೀ ತಲೆ ಎಡಕ್ಕೂ ಬಲಕ್ಕೂ ಬೀಸಿ ಟಾಟಾ ಮಾಡಿತು. ಅಧಿಕಾರಿ ಕೆಮ್ಮಿದರು. ಜಾದೂಗಾರ ತುಟಿ ಆಡಿಸದೆ ನಕ್ಕ. ಅತ್ತೆ ನೆಲದ ಟೀವಿಯಲ್ಲಿ ನೋಡಿದಳು. ಗುಮ್ಮಣ್ಣನ ಬಲಗೈ ಒಗೆದು ಒಣಹಾಕಿದ ಟವೆಲಿನ ಹಾಗೆ ನೇತಾಡುತ್ತಿತ್ತು. ಅದು ಅವಳ ಕೈ.

ಪರೀಕ್ಷೆಗೆಂದು ಕೊಟ್ಟ ಕಾಗದದಲ್ಲಿದ್ದ ಮುಂದಿನ ಮಾತು ಬಾಗಿಲ ಗಂಟೆಯದ್ದು. ಅವಳು ಅದನ್ನು ಹೇಳಲಿಲ್ಲ. ಗುಮ್ಮಣ್ಣ ಮೆಲ್ಲಗೆ ತಲೆ ತಿರುಗಿಸಿ ತನ್ನ ಬಲಗೈಯನ್ನು ನೋಡಿದ.

"ಏಯ್," ಅಂದ, ನೆಗಡಿಯ ದನಿಯಲ್ಲಿ.

ಕೈ ಉತ್ತರ ಕೊಡಲಿಲ್ಲ.

"ಏಯ್, ಬೆಳಗಾಯ್ತು, ಏಳೋ."

ಎಡಗೈಯಿಂದ ತಿವಿದ. ಎತ್ತಿ ಬಿಟ್ಟ, ಪೊತ್ ಅಂತ ಬಿತ್ತು. ಅದರ ಭಾರಕ್ಕೆ ಇಡೀ ಗುಮ್ಮಣ್ಣ ಬಲಕ್ಕೆ ವಾಲಿದ. ಮತ್ತೆ ಎತ್ತಿ, ಎಡಗೈಯಿಂದಲೇ ಅದರ ಕೈ ಕುಲುಕಿ, "ಹೇಗಿದೀರಿ? ನಾನು ನಿಮ್ಮ ಪಕ್ಕದ ಮನೆಯವನು," ಅಂದ. ಧ್ವನಿಯವರ ಕೋಣೆಯಲ್ಲಿ ಯಾರೋ ಗೊಳ್ಳೆಂದರು. ಗುಮ್ಮಣ್ಣ ಕ್ಯಾಮರಾದ ಕಡೆ ತಿರುಗಿ ದನಿ ತಗ್ಗಿಸಿದ.

"ಮಕ್ಕಳೇ, ನೀವು ಯಾರಾದ್ರೂ ನನ್ನ ಕೈ ನೋಡಿದ್ರಾ? ಇಲ್ಲೇ ಇತ್ತು. ಇಪ್ಪತ್ತೆರಡು ವರ್ಷದಿಂದ ಇಲ್ಲೇ ಇತ್ತು. ನಾನೇ ತಿರುಗಿ ನೋಡಿರ್ಲಿಲ್ಲ."

ಹೊರಗೆ ಲಾರಿ ಹೋಯಿತು. ಯಾರೂ ಕೆಲಸ ನಿಲ್ಲಿಸಲಿಲ್ಲ.

ಅಧಿಕಾರಿ ಕಣ್ಣೊರೆಸಿಕೊಳ್ಳುತ್ತಿದ್ದರು, ನಕ್ಕು. ತಲೆ ಸಾರ್ ಮಾತ್ರ ತಮ್ಮ ಕಟ್ಟಿದ ತೋಳನ್ನೇ ನೋಡುತ್ತ ಕುಳಿತಿದ್ದರು. ಆಮೇಲೆ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ದೊಡ್ಡ ಮಾತು ಬರುತ್ತದೆಂದು ಎಲ್ಲರೂ ಕಾದರು.

"ಇದನ್ನೆಲ್ಲ ನಾನೇ ಕಲಿಸಿದ್ದು," ಅಂದರು. ಮತ್ತೆ ಕುಳಿತುಕೊಳ್ಳುತ್ತ, "ತಲೆ ಅವಳಿಗೆ ಕೊಡಿ," ಅಂದರು.

ಕೊಟ್ಟರು. ಬಲಗೈಗೆ ಯಾರು ಎಂಬ ಪ್ರಶ್ನೆ ಬಂದಾಗ ಮುಂದೆ ಬಂದವನು ಗಡ್ಡದವನು. "ಅವತ್ತು ಆ ಮೌನ ನನ್ನದಲ್ಲ ಮೇಡಂ. ನನಗೆ ಮಾತು ಮರೆತುಹೋಗಿತ್ತು. ಹೇಳೋಕೆ ಬಾಯಿ ಬರ್ಲಿಲ್ಲ," ಅಂದ. "ಗೊತ್ತಪ್ಪ, ನನಗೆ ಕೇಳಿಸ್ತಾ ಇತ್ತಲ್ಲ," ಅಂದಳು ಅತ್ತೆ. ಅವನ ಅಳತೆಗೆ ಹೊಸ ಗವಸನ್ನು ಅವಳೇ ಹೊಲಿದಳು. ಅವನು ಆರಡಿ, ಅವಳು ಐದೂ ಇಲ್ಲ. ಅವಳಿಗೆ ಹಲಗೆಯ ಮೇಲೆ ಹಲಗೆ ಜೋಡಿಸಿದರು, ಅವನು ಮಂಡಿ ಮಡಚಿ ನಿಂತ. ಮೊದಲ ದಿನವೇ ಗಡ್ಡ ಕಚಗುಳಿಯಿಟ್ಟು ಗುಮ್ಮಣ್ಣ ಕಾರಣವಿಲ್ಲದೆ ಕಿಲಕಿಲ ನಗತೊಡಗಿದ. ಏಳು ಸಲ ಮತ್ತೆ ಮತ್ತೆ ಮಾಡಿ, ಕೊನೆಗೆ ಗಡ್ಡ ಬೋಳಿಸುವುದೆಂದು ತೀರ್ಮಾನವಾಯಿತು. ಅವನು ಕನ್ನಡಿಯ ಮುಂದೆ ನಿಂತು, "ಕಲೆಗಾಗಿ," ಅಂದನಂತೆ. ಆಮೇಲೂ ಎಲ್ಲರೂ ಅವನನ್ನು ಗಡ್ಡದವನು ಅಂತಲೇ ಕರೆದರು.

ತಲೆ ಎಂಬುದು ಸಾಮಾನ್ಯ ವಸ್ತುವಲ್ಲ. ಮೂರೇ ತಿಂಗಳಲ್ಲಿ ಅತ್ತೆ ಮನೆಗೆ ಬಂದು, "ಈ ಹುಡುಗನ ಕೈಗೆ ಏನೂ ಗೊತ್ತಾಗಲ್ಲ ರೀ. ನಾನು ಒಂದು ಹೇಳಿದ್ರೆ ಅದು ಒಂದು ಮಾಡುತ್ತೆ. ಗುಮ್ಮಣ್ಣ ಅಂದ್ರೆ ಎಷ್ಟು ಜವಾಬ್ದಾರಿ," ಎನ್ನತೊಡಗಿದಳು. ಹುಡುಗನಿಗೆ ಆಗ ಮೂವತ್ತಾರು. ಯಾರೋ ನೆಂಟರಿಗೆ ಅವನನ್ನು ಪರಿಚಯಿಸುವಾಗ, "ಇವನು ನಮ್ಮ..." ಎಂದು ಶುರು ಮಾಡಿ, ಅರ್ಧಕ್ಕೆ ನಾಲಿಗೆ ಕಚ್ಚಿಕೊಂಡದ್ದನ್ನು ನಾನೇ ಕಂಡಿದ್ದೇನೆ. "ಜೊತೆಗಾರ," ಎಂದು ಮುಗಿಸಿದಳು. ಮಾವ ನನ್ನ ಕಡೆ ನೋಡಿ ಮಸೂರದ ಕಣ್ಣು ಮಿಟುಕಿಸಿದ.

ಗುಮ್ಮಣ್ಣನ ದನಿ ಒಡೆದದ್ದಕ್ಕೆ ನೆಗಡಿ ಎಂದು ಕಥೆಯಲ್ಲೇ ಕಾರಣ ಕೊಟ್ಟಿದ್ದರು. ಮಕ್ಕಳು ಒಪ್ಪಿಕೊಂಡರು. ನೆಗಡಿ ಆರು ವರ್ಷ ಇತ್ತು, ಕಾರ್ಯಕ್ರಮ ನಿಲ್ಲುವವರೆಗೂ. ಪತ್ರಿಕೆಗಳಲ್ಲಿ ಎರಡು ಸಲ ಅವಳ ಫೋಟೋ ಬಂತು, ಒಂದರಲ್ಲಿ ಕಣ್ಣು ಮುಚ್ಚಿಕೊಂಡಿತ್ತು. ಅವನ್ನು ಅವಳು ಎಲ್ಲೋ ಇಟ್ಟು ಮರೆತಳು. ಕೊನೆಯವರೆಗೂ ಕನ್ನಡಕದ ಡಬ್ಬಿಯಲ್ಲಿ ಮಡಚಿ ಇಟ್ಟುಕೊಂಡದ್ದು ಮೊದಲ ತಿಂಗಳಲ್ಲಿ ಬಂದ ಒಂದು ಕಾರ್ಡನ್ನು. ಸೀಸದ ಕಡ್ಡಿಯಲ್ಲಿ, ಗೆರೆ ದಾಟಿ ಬಿದ್ದ ಅಕ್ಷರಗಳಲ್ಲಿ, ಎಂಟು ವರ್ಷದ ಹುಡುಗಿಯೊಬ್ಬಳು ಬರೆದಿದ್ದಳು.

"ಗುಮ್ಮಣ್ಣಾ, ನಿನ್ನ ನೆಗಡಿ ಪರವಾಗಿಲ್ಲ. ಆದರೆ ನಿನ್ನ ಬಲಗೈಗೆ ಏನಾಯಿತು? ಮೊದಲಿನ ಹಾಗೆ ಇಲ್ಲ. ನನಗೆ ಅದು ಇಷ್ಟ ಇತ್ತು."

ಅದನ್ನು ಅತ್ತೆ ಮೊದಲು ನಿಂತು ಓದಿದಳು, ಆಮೇಲೆ ಕುಳಿತು ಓದಿದಳು. ಮಾವನಿಗೆ ಕೊಟ್ಟಳು. ಅವನು ಮಸೂರ ಹಾಕಿಕೊಂಡು ಓದಿ, ತೆಗೆದು ಓದಿ, ಮೂಗು ಒರೆಸಿಕೊಂಡ. "ಇಷ್ಟು ವರ್ಷ ಒಬ್ಬಳು ನೋಡ್ತಾ ಇದ್ಲಲ್ಲೇ," ಅಂದ.

ಗುಮ್ಮಣ್ಣನ ಹೆಸರಿಗೆ ಬಂದ ಕಾಗದಗಳಿಗೆಲ್ಲ ಅಚ್ಚು ಹಾಕಿಸಿದ ಉತ್ತರ ಕಳಿಸುವುದು ಸ್ಟುಡಿಯೋದ ಪದ್ಧತಿ. ಇದಕ್ಕೆ ಅತ್ತೆ ತಾನೇ ಬರೆದಳು. ಇಪ್ಪತ್ತೆರಡು ವರ್ಷ ಗವಸಿನ ಒಂದೇ ಮನೆಯಲ್ಲಿದ್ದು ಅಂಟಿಕೊಂಡೇ ಉಳಿದ ಕೊನೆಯ ಎರಡು ಬೆರಳುಗಳಿಂದಾಗಿ ಪೆನ್ನು ಸರಿಯಾಗಿ ನಿಲ್ಲದೆ ಅವಳ ಅಕ್ಷರವೂ ಆ ಹುಡುಗಿಯದರಂತೆಯೇ ಗೆರೆ ದಾಟುತ್ತಿತ್ತು.

"ಪುಟ್ಟೀ, ಕೈಗೆ ಏನೂ ಆಗಿಲ್ಲ. ಅದಕ್ಕೆ ಬಡ್ತಿ ಆಗಿದೆ. ಹೊಸ ಕೈ ಇನ್ನೂ ಕಲಿಯುತ್ತಿದೆ, ಅದನ್ನೂ ನೋಡುತ್ತಾ ಇರು."

"ಎಂಟು ವರ್ಷದ ಮಗುಗೆ ಬಡ್ತಿ ಅಂದ್ರೆ ಏನು ಗೊತ್ತಾಗುತ್ತೆ?" ಅಂದ ಮಾವ.

"ಕೈ ನೋಡೋಕೆ ಗೊತ್ತಾಗಿದೆ. ಅದೂ ಗೊತ್ತಾಗುತ್ತೆ," ಎಂದು ಅತ್ತೆ ಉತ್ತರದ ಕಾರ್ಡಿಗೆ ವಿಳಾಸ ಬರೆದಳು.